ಮೇಷ್ಟ್ರ ಕೋಟೆ ಬಿದ್ದದ್ದು
ಗುಬ್ಬಿಯ ಗಣಿತದ ಮೇಷ್ಟ್ರು ದಯಾನಂದರಿಗೆ ‘ಕೋಟೆ’ ಎಂಬ ಕಂಪ್ಯೂಟರ್ ಆಟದ ಎರಡನೇ ಭಾಗ ನೋಡಿದಾಗ ಎದೆಯೇ ಧಸಕ್ಕೆಂದಿತ್ತು. ಮೊದಲನೆಯದರಲ್ಲಿ ಯುದ್ಧಕ್ಕೆ ಹೊರಡಬೇಕಾದರೆ ಬಾವಿ ತೋಡಿಸಬೇಕು, ರಾಗಿ ಬೆಳೆಸಬೇಕು, ಕುದುರೆಗೆ ಲಾಳ ಹೊಡೆಸಬೇಕು. ಆ ಲೆಕ್ಕಾಚಾರಕ್ಕೆಂದೇ ಅವರು ಹದಿನೆಂಟು ವರ್ಷದಲ್ಲಿ ಮೂರು ನೋಟ್‌ಬುಕ್ ತುಂಬಿಸಿದ್ದರು. ಹೊಸದರಲ್ಲಿ ಒಂದು ಬಟನ್ ಒತ್ತಿದರೆ ಸೈನ್ಯವೇ ಸಿದ್ಧ! “ಅಲ್ಲಾ ಸಾರ್, ಹಸಿದ ಸೈನಿಕ್ರು ಏನ್ ತಿಂತಾರೆ, ಬಟನ್ನಾ?” ಎಂದು ಸ್ಟಾಫ್ ರೂಮಿನಲ್ಲೂ, ಶಿರಾ ಗೇಟಿನ ಬಸ್ಸಿನಲ್ಲೂ ಹೌಹಾರುತ್ತಿದ್ದರು. ಮದುವೆಮನೆಯಲ್ಲಿ ಹೋಳಿಗೆ ಬಡಿಸಲು ಬಂದವರೂ ಮೇಷ್ಟ್ರ “ಕೆಡ್ಸಿಬುಟ್ರು ಕಣ್ರೀ, ಮಕ್ಕಳಾಟ ಮಾಡ್ಬುಟ್ರು!” ಎಂಬುದನ್ನು ಕೇಳಿಸಿಕೊಂಡೇ ಮುಂದಿನ ಎಲೆಗೆ ಹೋಗಬೇಕಿತ್ತು. ಕಳೆದ ಭಾನುವಾರ ಮನೆಯಲ್ಲೂ ಅದೇ ಗೋಳು ತೆಗೆದಾಗ, ಪಾರ್ಶ್ವವಾಯು ಬಡಿದು ವರ್ಷದಿಂದ ಬಲಗೈ ಆಡದ ಹೆಂಡತಿ ಆಶಾರಾಣಿ, “ಅಷ್ಟು ಸುಲ್ಬ ಆದ್ರೆ ನಾನೂ ಆಡ್ತೀನಿ, ತನ್ನಿ” ಎಂದು ಎದುರಾಳಿಯಾಗಿ ಕೂತರು. ಎಡಗೈಯ ಒಂದೇ ಬೆರಳಿನಲ್ಲಿ ಒತ್ತಿ ಒತ್ತಿ, ಅರ್ಧ ಗಂಟೆಯೊಳಗೆ ಮೇಷ್ಟ್ರ ಕೋಟೆ ಕೆಡವಿಬಿಟ್ಟರು. “ಸೋತ್ರಿ ಕಣ್ರೀ!” ಎಂದು, ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ, ಗಟ್ಟಿಯಾಗಿ ನಕ್ಕರು. ಮೇಷ್ಟ್ರು ದಂಗಾಗಿ ಆ ಬೆರಳನ್ನೇ ನೋಡುತ್ತಾ ಕೂತರು. “ಇನ್ನೊಂದಾಟ ಆಡಣ್ವಾ?” ಎಂದು ತಾವೇ ಕೇಳಿ, ಕೀಬೋರ್ಡನ್ನು ಹೆಂಡತಿಯ ಎಡಗೈಯ ಹತ್ತಿರಕ್ಕೆ ಸರಿಸಿದರು.