ಷಡ್ಡಕರ ಕಾರಿನ ಪರದೇಶಿ ಟೈರು

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ಹೊರ್ತಿಯಲ್ಲಿ ಹೊಲ ಮಾಡಿಕೊಂಡಿದ್ದ ನನ್ನ ಹತ್ತಿರ ಹಳೆಯದೊಂದು ಜೀಪಿತ್ತು. ಮುದ್ದೇಬಿಹಾಳದ ಮಾವನ ಮನೆಗೆ ಅದರಲ್ಲಿ ಹೋಗಿ ಇಳಿದರೆ ಓಣಿಯವರು ಹೊರಗೆ ಬಂದು ನೋಡುತ್ತಿದ್ದರು. ಆ ಸುಖ ಹೆಚ್ಚು ಕಾಲ ಉಳಿಯಲಿಲ್ಲ. ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಷಡ್ಡಕರು, ಮಿಲಿಟರಿಯಿಂದ ನಿವೃತ್ತರಾಗಿ ಸಿಂದಗಿಯಲ್ಲಿ ನೆಲೆಸಿದರು. ಬರುವಾಗ ಫಿಯೆಟ್ ಕಾರು ತಂದರು. ಅದಕ್ಕೆ ಮುಂಬಯಿಯಿಂದ ತರಿಸಿದ ಪರದೇಶಿ ರೇಡಿಯಲ್ ಟೈರುಗಳು.

ಕಾರಿಗಿಂತ ಆ ಟೈರುಗಳೇ ನನ್ನ ಕಣ್ಣು ಚುಚ್ಚಿದವು. ಒಮ್ಮೆ ಕೂತು ಬಂದ ಮಾವ, "ತಿರುವಿನ್ಯಾಗ ಹೊಳ್ಳುವಾಗ ಸೈತ ಹೊಟ್ಟ್ಯಾಗಿನ ನೀರು ಅಳ್ಳಾಡೂದಿಲ್ಲ" ಎಂದರು. ನನ್ನ ಹೆಂಡತಿಯೂ ಹೌದೆಂದು ತಲೆಯಾಡಿಸಿದಳು.

ಕಿರಿಯ ನಾದಿನಿಗೆ ಬಸವನ ಬಾಗೇವಾಡಿ ಹತ್ತಿರದ ಹಳ್ಳಿಯೊಂದರಲ್ಲಿ ವರ ನೋಡಲು ಹೊರಟೆವು. ಮಾವ ಫಿಯೆಟ್ ಹತ್ತಿದರು. ನನ್ನ ಜೀಪಿಗೆ ಅತ್ತೆ ಮತ್ತು ಹಣ್ಣಿನ ಬುಟ್ಟಿಗಳು ಬಂದವು. ಒಣ ರಸ್ತೆಯಲ್ಲಿ ಫಿಯೆಟ್ ತಿರುವುಗಳನ್ನು ತಬ್ಬಿಕೊಂಡಂತೆ ಓಡಿತು. ನನ್ನ ದಪ್ಪ ಹಲ್ಲಿನ ಟೈರುಗಳು ಹಿಂದೆ ಗುಂಯ್‌ಗುಡುತ್ತ ಬಂದವು.

ದಾರಿಯಲ್ಲಿ ಮಳೆ ಹಿಡಿಯಿತು. ಎದುರಿಗೆ ಕುರಿಹಿಂಡು ಅಡ್ಡ ಬಂತು. ಫಿಯೆಟ್ ಇದ್ದಲ್ಲೇ ನೆಟ್ಟಗೆ ನಿಂತಿತು. ನಾನು ಬ್ರೇಕ್ ಒತ್ತಿದರೆ ಜೀಪು ಅಡ್ಡಲಾಗಿ ಜಾರಿ ರಸ್ತೆಯಂಚಿಗೆ ಹೋಯಿತು. ಷಡ್ಡಕರು ಮಳೆಯಲ್ಲೇ ಇಳಿದು ಬಂದರು.

"ನಿಂದೇನೂ ತಪ್ಪಿಲ್ಲ ತಮ್ಮಾ. ಈ ಟೈರು ಕೆಸರಿಗೆ ಮಾಡಿದ್ವು, ತೊಯ್ದ ಡಾಂಬರ ಹಿಡಿಯೂದಿಲ್ಲ. ನನ್ನವಕ್ಕ ಸಣ್ಣ ಗೆರಿ ಅದಾವ, ನೀರು ಹೊರಗ ಹಾಕ್ತಾವ."

ಅತ್ತೆಯ ಎದುರಿಗೆ ಅಷ್ಟು ಮೆತ್ತಗೆ ಹೇಳಿದ್ದೇ ನನಗೆ ಹೆಚ್ಚು ಉರಿಯಿತು.

ಹಳ್ಳಿಗೆ ತಿರುಗುವ ದಾರಿ ಎರೆಮಣ್ಣಿನದು. ಅಲ್ಲಿ ಫಿಯೆಟ್ಟಿನ ಆ ಸಣ್ಣ ಗೆರೆಗಳಲ್ಲಿ ಕೆಸರು ತುಂಬಿ, ಟೈರು ಲಟ್ಟಣಿಗೆಯಂತೆ ನುಣುಪಾಗಿ, ನಿಂತಲ್ಲೇ ತಿರುಗತೊಡಗಿತು. ನನ್ನ ಜೀಪು ಮಣ್ಣು ಕಚ್ಚಿಕೊಂಡು ಪಕ್ಕಕ್ಕೆ ಬಂತು.

"ಮಾವ, ಇದರಾಗ ಬರ್ರಿ," ಎಂದೆ.

ಮಾವ ಧೋತರ ಎತ್ತಿಕೊಂಡು ಬಂದು ಹತ್ತಿದರು. ನನ್ನೆದೆ ಉಬ್ಬಿತು. ಷಡ್ಡಕರನ್ನು ಅಲ್ಲಿಯೇ ಬಿಟ್ಟು ಹೊರಟೆ.

ವರನ ಮನೆಯ ಕಟ್ಟೆಯ ಮೇಲೆ ಕೂತು ನೀರು ಕುಡಿಯುವಷ್ಟರಲ್ಲಿ ಹಾರ್ನ್ ಕೇಳಿತು. ಹಿಂದಿನ ಗಾಲಿಗಳಿಗೆ ಹಗ್ಗ ಸುತ್ತಿಕೊಂಡು ಫಿಯೆಟ್ ಬಂದು ನಿಂತಿತು.

"ಕಾಶ್ಮೀರದಾಗ ಹಿಮಾ ಬಿದ್ರ ಎಂಥಾ ಟೈರೂ ಜಾರತಿತ್ರಿ. ಗಾಲಿಗೆ ಸರಪಳಿ ಸುತ್ತತಿದ್ವಿ," ಎಂದು ಷಡ್ಡಕರು ಕೈ ಒರೆಸಿಕೊಂಡರು. "ಇಲ್ಲಿ ಒಬ್ಬರ ಬಂಡ್ಯಾಗ ಹಗ್ಗ ಸಿಕ್ತು."

ಮನೆಮಂದಿಯೆಲ್ಲ ಕಾರಿನ ಸುತ್ತ ನೆರೆದರು. ಹಿಮ ಹೇಗಿರುತ್ತದೆ, ಕಾಲಿಟ್ಟರೆ ಹುಗಿಯುತ್ತದೆಯೇ ಎಂದು ಕೇಳಿದರು. ಜೀಪಿನ ಕಡೆ ಯಾರೂ ನೋಡಲಿಲ್ಲ. ಸಂಬಂಧ ಅಂದೇ ಕುದುರಿತು. ಹೊರಡುವಾಗ ವರನ ತಂದೆ ಮಾವನಿಗೆ, "ನಿಮ್ಮ ಹಿರೇ ಅಳಿಯಾರು ಭಾಳ ಶ್ಯಾಣ್ಯಾ ಅದಾರ್ರಿ," ಎಂದರು. ಮಾವ ಮರಳಿ ಫಿಯೆಟ್ ಹತ್ತಿದರು.

ಮುಂದಿನ ಸುಗ್ಗಿ ಮುಗಿದ ಮೇಲೆ ಜೀಪು ಮಾರಿ ನಾನೂ ಫಿಯೆಟ್ ಕೊಂಡೆ. ಅಂಥವೇ ಟೈರು ಹುಡುಕಿಸಿ ಹಾಕಿಸಿದೆ. ಮನೆಗೂ ಹೋಗದೆ ನೇರ ಸಿಂದಗಿಗೆ ಹೊಡೆದೆ. ಅವರ ಮುಖ ಒಂದಿಷ್ಟು ಬಾಡುವುದನ್ನು ನೋಡಬೇಕಿತ್ತು. ಷಡ್ಡಕರು ಹೊರಗೆ ಬಂದು, ಬಗ್ಗಿ, ಟೈರಿನ ಮೇಲೆ ಕೈಯಾಡಿಸಿದರು.

"ಭಾಳ ಛಲೋ ಮಾಡಿದಿ ತಮ್ಮಾ," ಎಂದರು. ಅವರಿಗೆ ನಿಜವಾಗಿಯೂ ಖುಷಿಯಾಗಿತ್ತು.

ಒಳಗೆ ಕರೆದು ಚಹಾ ಕೊಟ್ಟರು. ನಾನು ಅರ್ಧ ಕಪ್ಪು ಬಿಟ್ಟು ಎದ್ದೆ.