ಗಂಗಯ್ಯನ ಹೆಬ್ಬೆರಳು
ಸಾರಕ್ಕಿಯ ಪ್ಲಂಬರ್ ಗಂಗಯ್ಯನಿಗೆ ಅಳತೆಯ ಟೇಪು ಬೇಕಿಲ್ಲ, ಬೆರಳೇ ಸಾಕು. ಕೈತೊಳೆಯುವ ನಲ್ಲಿಗೆ ಕಿರುಬೆರಳಿನಷ್ಟು ಪೈಪು. ಗುಂಡಿ ಒತ್ತಿದೊಡನೆ ಭರ್ರೆಂದು ನೀರು ನುಗ್ಗಬೇಕಾದ ಕಕ್ಕಸಿಗೆ ಹೆಬ್ಬೆರಳಿಗಿಂತ ದಪ್ಪದ್ದು. ಜೆ.ಪಿ. ನಗರದಲ್ಲಿ ಯಾರು ಛತ್ರ ಕಟ್ಟಿಸಲಿ, ಆಫೀಸು ಕಟ್ಟಿಸಲಿ, ಅವನ ಮೊದಲ ಪ್ರಶ್ನೆ ಒಂದೇ: "ಊಟ ಆದ್ಮೇಲೆ ಒಟ್ಟಿಗೆ ಎಷ್ಟು ಜನ ನುಗ್ತಾರೆ ಸಾರ್?" ಕಕ್ಕಸಿಗೂ ಅರ್ಧ ಇಂಚಿನ ಪೈಪೇ ಸಾಕೆಂದ ಓನರಿಗೆ, "ಹಂಗಾದ್ರೆ ಎಳನೀರಿನ ಸ್ಟ್ರಾನೇ ಹಾಕ್ಸಿಬಿಡಿ," ಎಂದು ಚೀಲ ಹೆಗಲಿಗೇರಿಸಿ ಹೊರಟೇಬಿಡುತ್ತಾನೆ. ಹೀಗೆ ಎಷ್ಟೋ ಕೆಲಸ ಕೈತಪ್ಪಿವೆ. ಹೆಂಡತಿ ಅಣ್ಣಮ್ಮ ಮಾತ್ರ ಬೈಯುವುದಿಲ್ಲ. ಕೆಲಸಕ್ಕಿಳಿದ ಹೊಸದರಲ್ಲಿ ಅವನು ಓನರ್ ಮಾತು ಕೇಳಿ ಸಣ್ಣ ಪೈಪು ಎಳೆದಿದ್ದ ಛತ್ರದಲ್ಲೇ ಅವಳು ಕ್ಲೀನಿಂಗಿಗೆ ಸೇರಿ, ಆರು ಕಕ್ಕಸಿಗೂ ವರ್ಷಗಟ್ಟಲೆ ಬಕೆಟ್ಟಿನಲ್ಲಿ ನೀರು ಹೊತ್ತು ಸುರಿದವಳು. "ಇವತ್ತೂ ಬಿಟ್ಬಂದ್ರಾ? ಬನ್ನಿ, ಉಣ್ಣಿ," ಎಂದು ಅವಳು ತಟ್ಟೆ ಇಡುವಾಗ, ಬಕೆಟ್ಟಿನ ಹಿಡಿ ಕೊರೆದ ಅಂಗೈಯ ಗೆರೆ ಅವನ ಕಣ್ಣಿಗೆ ಬೀಳುತ್ತದೆ.