ಪಿಯಾನೋ ನುಡಿಸುತ್ತಿದ್ದ ನಮ್ಮ ಬಾವ

ಊಟಕ್ಕೆ ಕೂತಾಗ ನಮ್ಮ ಬಾವನ ಬಲಗೈ ಮುದ್ದೆ ಮುರಿಯುತ್ತಿದ್ದರೆ ಎಡಗೈ ತೊಡೆಯ ಮೇಲೆ ನಡೆಯುತ್ತಿತ್ತು. ಮೊದಲು ಕಿರುಬೆರಳು, ಆಮೇಲೆ ಹೆಬ್ಬೆರಳು, ಅವುಗಳ ಹಿಂದೆ ನಡುವಿನ ಮೂರು. ಗಿಣ್ಣು ದಪ್ಪಗಿದ್ದ, ಉಗುರನ್ನು ಬುಡದವರೆಗೂ ಕತ್ತರಿಸಿದ ಉದ್ದನೆಯ ಬೆರಳುಗಳು. ಮದುವೆಯಾಗಿ ಕೊಡಿಗೇಹಳ್ಳಿಗೆ ಬಂದ ಹೊಸದರಲ್ಲಿ, ಗಂಡನ ಅಣ್ಣನ ಮುಖ ನೋಡಬಾರದೆಂದು ತಲೆ ತಗ್ಗಿಸಿಕೊಂಡೇ ಬಡಿಸುತ್ತಿದ್ದ ನನಗೆ ಅವರ ಮುಖಕ್ಕಿಂತ ಮೊದಲು ಪರಿಚಯವಾದದ್ದು ಆ ಕೈ.

"ಏನ್ಲಾ ಅದು, ಇರುವೆ ಅತ್ಕೊಂಡಂಗೆ? ಸುಮ್ಕೆ ಉಣ್ಣಬಾರ್ದಾ?" ಎಂದು ಅತ್ತೆ ಗದರುತ್ತಿದ್ದರು.

"ಉಣ್ತಾ ಇದೀನಿ ಕಣವ್ವ," ಎನ್ನುತ್ತಿದ್ದರು ಬಾವ. ಕೈ ಒಂದು ಗಳಿಗೆ ನಿಂತು ಮತ್ತೆ ನಡೆಯುತ್ತಿತ್ತು.

ಬಾವ ಪಿಯಾನೋ ನುಡಿಸುವವರು. ಅದೂ ಜಾಝ್. ನಾನು ಆ ಮನೆಗೆ ಬಂದದ್ದು ಐವತ್ತರ ದಶಕದ ಶುರುವಿನಲ್ಲಿ. ರಾಗಿ ಹೊಲ, ದ್ರಾಕ್ಷಿ ತೋಟ ಬಿಟ್ಟರೆ ಬೇರೇನೂ ಗೊತ್ತಿಲ್ಲದ ಒಕ್ಕಲು ಮನೆಗೆ ಅಂಥ ವಿದ್ಯೆ ಹೇಗೆ ಬಂತೆಂಬುದನ್ನು ಅತ್ತೆ ಕಾಳು ಹಸನು ಮಾಡುವಾಗ ಅಷ್ಟಷ್ಟೇ ಹೇಳಿದ್ದರು. ಅವರು ಹೆಬ್ಬಾಳದ ಕಡೆಯ ಒಂದು ಮಿಷನ್ ಬಂಗಲೆಗೆ ಹಾಲು ಹಾಕುತ್ತಿದ್ದರು. ಏಳು ವರ್ಷದ ಮಗನೂ ಜೊತೆಗೆ ಹೋಗುತ್ತಿದ್ದ. ಒಳಗೆ ದೊರೆಸಾನಿ ಪಿಯಾನೋ ನುಡಿಸುತ್ತಿದ್ದರೆ ಇವನು ಹಿತ್ತಿಲ ಮೆಟ್ಟಿಲ ಮೇಲೆ ಅದನ್ನೇ ಬೆರಳಲ್ಲಿ ಬಡಿಯುತ್ತಿದ್ದ. ಒಂದು ದಿನ ಆಕೆ ಅವನನ್ನು ಒಳಗೆ ಕರೆದು ಪಿಯಾನೋ ಮುಂದೆ ಕೂರಿಸಿದರು. ಹತ್ತು ವರ್ಷ ಕಲಿಸಿದರು. ಮತ ಕೆಡಿಸುತ್ತಾರೆಂದು ಊರವರು ಹೆದರಿಸಿದಾಗ ಅತ್ತೆ, "ನಮ್ ಆಲು ಕುಡ್ಯೋರು ನಮ್ ಮಗೀನ ಏನ್ ಕೆಡಿಸ್ತಾರೆ ಬುಡು," ಅಂದಿದ್ದರಂತೆ.

ಬಾವ ಕೆಡಲಿಲ್ಲ, ಆದರೆ ಮನೆಯಲ್ಲೂ ಉಳಿಯಲಿಲ್ಲ. ಯುದ್ಧದ ಕಾಲದಲ್ಲಿ ಕಂಟೋನ್ಮೆಂಟಿನ, ನಮ್ಮ ಮಾತಿನಲ್ಲಿ ದಂಡಿನ, ತುಂಬ ಸೋಲ್ಜರುಗಳು, ಹೋಟೆಲುಗಳಲ್ಲಿ ದಿನಾ ಕುಣಿತ, ವಾದ್ಯ ನುಡಿಸುವವರು ಎಷ್ಟಿದ್ದರೂ ಸಾಲದು. ಬಾವ ಒಂದು ಬ್ಯಾಂಡು ಸೇರಿದರು. ಅಲ್ಲಿಂದ ಬೊಂಬಾಯಿಗೆ ಹೋದರು. ಅಲ್ಲಿ ಅಮೆರಿಕದಿಂದ ಬಂದಿದ್ದ ಕಪ್ಪು ಮೈಬಣ್ಣದ ವಾದಕರೊಬ್ಬರು ಇವರನ್ನು ಎರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು, ಮಿಷನ್ ಬಂಗಲೆಯಲ್ಲಿ ಕಲಿತದ್ದನ್ನೆಲ್ಲ ಒಂದೊಂದಾಗಿ ಬಿಚ್ಚಿ ಮತ್ತೆ ಕಟ್ಟಿಕೊಟ್ಟರು. ತಮ್ಮ ಗುರುವಿನ ಮಾತು ಬಂದಾಗ ಮಾತ್ರ ಬಾವ ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಜಾಝ್ ಅಂದರೇನು ಎಂದು ನಾನು ಒಮ್ಮೆ ಧೈರ್ಯ ಮಾಡಿ ಕೇಳಿದ್ದೆ. ನಡುಮನೆಯಲ್ಲಿ ರಾಗಿ ಮೂಟೆಗಳ ಪಕ್ಕದಲ್ಲಿ ಅವರ ಪಿಯಾನೋ ಇತ್ತು. ದೇಶ ಬಿಟ್ಟು ಹೊರಟ ಇಂಗ್ಲಿಷರ ಮನೆಯೊಂದರಿಂದ ಎತ್ತಿನ ಗಾಡಿಯಲ್ಲಿ ಬಂದದ್ದು. ಅದರ ಮೇಲೆ ಅತ್ತೆ ಒಣಮೆಣಸಿನಕಾಯಿ ಹರಡಿದ್ದರು. ಬಾವ ಮುಚ್ಚಳ ತೆಗೆದು ಎಡಗೈಯಲ್ಲಿ ಒಂದೇ ನಡೆಯನ್ನು ಮತ್ತೆ ಮತ್ತೆ ನುಡಿಸಿದರು.

"ಇದು ಗಾಣದೆತ್ತು ಕಣಮ್ಮ. ಏನೇ ಆದ್ರೂ ಸುತ್ತೋದು ನಿಲ್ಲಿಸ್ಬಾರ್ದು," ಎಂದರು. ಆಮೇಲೆ ಬಲಗೈ ಸೇರಿಸಿದರು. "ಇದು ಬೀದಿ ಬಸವ. ಎಲ್ಲಿಗ್ ಬೇಕಾದ್ರೂ ನುಗ್ಗುತ್ತೆ, ಯಾರ ಹೊಲಕ್ ಬೇಕಾದ್ರೂ ಬಾಯಿ ಹಾಕುತ್ತೆ. ಆದ್ರೆ ಎತ್ತು ಎಲ್ಲಿದೆ ಅಂತ ಅದಕ್ ಗೊತ್ತಿರ್ಬೇಕು. ಅಷ್ಟೇ ಜಾಝು."

ಮೆಣಸಿನಕಾಯಿ ಘಾಟಿಗೆ ಇಬ್ಬರೂ ಸೀನಿದೆವು. ಅಂದಿನಿಂದ ನಾನು ಅವರ ಮುಖ ನೋಡಿ ಮಾತಾಡತೊಡಗಿದೆ.

ಬೊಂಬಾಯಿಯಲ್ಲಿ ಕುಡಿತ ನಿಷೇಧವಾಗಿ ಹೋಟೆಲುಗಳ ಕುಣಿತ ಕುಂದಿದಾಗ, ಮದುವೆಯಾಗದೆಯೇ ಉಳಿದಿದ್ದ ಬಾವ ಊರಿಗೆ ಬಂದಿದ್ದರು. ನಾನು ಸೊಸೆಯಾಗಿ ಬರುವ ಹೊತ್ತಿಗೆ ದಂಡಿನ ಒಂದು ಹೋಟೆಲಿನಲ್ಲಿ ಮಧ್ಯಾಹ್ನದ ಚಹಾದ ವೇಳೆಗೆ ನುಡಿಸುತ್ತಿದ್ದರು. ಊಟ ಮುಗಿಸಿ, ಕಪ್ಪು ಕೋಟನ್ನು ಧೂಳಾಗದಂತೆ ಮಡಿಸಿ ಬಟ್ಟೆಯಲ್ಲಿ ಕಟ್ಟಿಕೊಂಡು, ಹೆಬ್ಬಾಳದವರೆಗೆ ನಡೆದು ಬಸ್ಸು ಹಿಡಿಯುತ್ತಿದ್ದರು. ಅಲ್ಲಿ ಬಿಸ್ಕತ್ತು ತಿನ್ನುತ್ತ ಕೂತವರಿಗೆ ಬೀದಿ ಬಸವ ಬೇಕಿರಲಿಲ್ಲ. "ಮೆತ್ತಗೆ ನುಡ್ಸಿ, ಮಾತು ಕೇಳಿಸ್ತಿಲ್ಲ ಅಂತಾರೆ," ಎಂದು ಒಮ್ಮೆ ಹೇಳಿದರು. ದೂರಿನ ದನಿಯಲ್ಲಲ್ಲ, ಹೊರಗೆ ಬಿಸಿಲು ಜಾಸ್ತಿ ಎನ್ನುವ ಹಾಗೆ. ಹತ್ತು ವರ್ಷ ಮೆತ್ತಗೆ ನುಡಿಸಿದರು. ಆಮೇಲೆ ಹೋಟೆಲಿನವರು ಗ್ರಾಮಫೋನು ತಂದಿಟ್ಟು ಬ್ಯಾಂಡನ್ನು ಕಳಿಸಿಬಿಟ್ಟರು.

ಅದೇ ವರ್ಷ ನನಗೆ ಪೇಟೆಯಲ್ಲಿ ಶಿಕ್ಷಕಿಯರ ತರಬೇತಿಗೆ ಸೀಟು ಸಿಕ್ಕಿತು. ಎರಡು ವರ್ಷ ಹಾಸ್ಟೆಲಿನಲ್ಲಿರಬೇಕು. ನಮಗೆ ಮಕ್ಕಳಾಗಿರಲಿಲ್ಲ. ಮದುವೆಗೆ ಮೊದಲು ಮಿಡ್ಲ್ ಸ್ಕೂಲ್ ಪಾಸಾಗಿದ್ದ ನಾನು, ಪತ್ರಿಕೆಯಲ್ಲಿ ಬಂದ ಪ್ರಕಟಣೆ ನೋಡಿ ಅರ್ಜಿ ಹಾಕಿದ್ದೆ. ನನ್ನ ಗಂಡ ಬೇಡವೆನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಹೊರಡಲು ಹದಿನೈದು ದಿನ ಇರುವಾಗ ಅತ್ತೆ ಕೊಟ್ಟಿಗೆಯಲ್ಲಿ ಬಿದ್ದರು. ಬಲಭಾಗ ಪೂರ್ತಿ ಹೋಯಿತು, ಮಾತೂ ನಿಂತಿತು.

ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಕಟ್ಟಿಟ್ಟಿದ್ದ ಟ್ರಂಕನ್ನು ನಾನೇ ಬಿಚ್ಚಿ ಸೀರೆಗಳನ್ನು ಗಳುವಿನ ಮೇಲೆ ಹಾಕತೊಡಗಿದೆ. ಬಾವ ಬಾಗಿಲಲ್ಲಿ ಬಂದು ನಿಂತರು.

"ಯಾಕಮ್ಮ ಬಿಚ್ತಿದೀಯ?"

"ಅತ್ತೇನ ಯಾರು ನೋಡ್ಕೋತಾರೆ ಬಾವ?"

"ನಾನಿಲ್ವಾ? ಕೆಲ್ಸ ಇಲ್ದೆ ಮನೇಲೇ ಕೂತಿದೀನಿ. ನೀನು ಹೋಗು."

"ಹೆಂಗಸಿನ ಸೇವೆ ಬಾವ. ಗಂಡಸ್ರ ಕೈಲಾಗೋದಲ್ಲ."

"ನನ್ನ ಹೆತ್ತೋಳು. ಅವಳ ಸೇವೆಗೆ ಗಂಡಸೇನು, ಹೆಂಗಸೇನು? ಮಡಚು ಸೀರೇನ."

ಹೆಚ್ಚುಕಡಿಮೆ ಎರಡು ವರ್ಷ ಅವರೇ ನೋಡಿಕೊಂಡರು. ನಾನು ರಜೆಗೆ ಬಂದಾಗ ಕಾಣುತ್ತಿತ್ತು. ಅತ್ತೆಯನ್ನು ಎತ್ತಿ ಕೂರಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು, ಅಂಬಲಿಯನ್ನು ಚಮಚದಲ್ಲಿ ಗುಟುಕು ಗುಟುಕಾಗಿ ಕುಡಿಸುವುದು. ಕೋಟು ಗೂಟದಲ್ಲೇ ಬೂದುಗಟ್ಟಿತ್ತು. ಪಿಯಾನೋದ ಹಿಂಭಾಗಕ್ಕೆ ಗೆದ್ದಲು ಹತ್ತಿ ಕೆಳಗಿನ ಸ್ವರಗಳು ಏಳುತ್ತಿರಲಿಲ್ಲ. ಬಾವನ ಮುಖ ಬತ್ತಿತ್ತು. ಗೋಡೆಗೆ ಒರಗಿ ಕೂತರೆ ಹಾಗೆಯೇ ಕಣ್ಣು ಮುಚ್ಚಿಕೊಳ್ಳುತ್ತಿತ್ತು.

ಎರಡನೆಯ ವರ್ಷದ ದಸರಾ ರಜೆಯಲ್ಲಿ ದಂಡಿನಿಂದ ಅವರ ಹಳೆಯ ಜೊತೆಗಾರರೊಬ್ಬರು ಬಂದರು. ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಿದ್ದ ಆಂಗ್ಲೋ ಇಂಡಿಯನ್. ಬಾವ ಒಳಗೆ ಅತ್ತೆಗೆ ಅಂಬಲಿ ಕುಡಿಸುತ್ತಿದ್ದರು. ನಾನು ಜಗಲಿಗೆ ಕಾಫಿ ತಂದುಕೊಟ್ಟೆ. ಅವರು ಒಳಗೊಮ್ಮೆ ಇಣುಕಿ ನೋಡಿ ತಲೆ ಆಡಿಸಿದರು.

"ಕಲ್ಕತ್ತಾದಿಂದ ಲೆಟರ್ ಬಂದಿತ್ತು, ನಿಮಗೆ ಗೊತ್ತಾ? ದೊಡ್ಡ ಹೋಟೆಲು, ಹತ್ತು ಜನದ ಬ್ಯಾಂಡು. ಇವನನ್ನೇ ಲೀಡರ್ ಮಾಡ್ತೀವಿ ಅಂದಿದ್ರು. ಲೈಫ್ ಪೂರ್ತಿ ಅದಕ್ಕೇ ಕಾದಿದ್ದ ಮನುಷ್ಯ. ಬರಲ್ಲ ಅಂತ ಬರ್ದ್ಬಿಟ್ಟ."

"ಯಾವಾಗ?"

"ನೀವು ಓದಕ್ಕೆ ಹೋದ್ರಲ್ಲ, ಆ ತಿಂಗಳೇ."

ಅವರು ಹೋದ ಮೇಲೆ ನಾನು ಬಾವನ ಎದುರು ನಿಂತು ಕೇಳಿದೆ. ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು.

"ಕಲ್ಕತ್ತಾ ವಿಷ್ಯ ನಂಗ್ಯಾಕ್ ಹೇಳ್ಲಿಲ್ಲ ಬಾವ? ನಾನು ಮನೇಲಿ ಇದ್ಬಿಡ್ತಿದ್ದೆ."

ಅವರು ಖಾಲಿ ಬಟ್ಟಲನ್ನು ಕೆಳಗಿಟ್ಟರು.

"ನಿನಗೋಸ್ಕರ ಬಿಟ್ಟೆ ಅಂತ ತಿಳ್ಕೋಬೇಡ ಕಣಮ್ಮ. ಆ ಭಾರ ನಿನಗ್ ಬೇಡ. ನಂಗೆ ಸಾಕಾಗಿತ್ತು. ಮತ್ತೆ ರೈಲು, ಮತ್ತೆ ಹೊಸ ಊರು, ಮತ್ತೆ ಮೆತ್ತಗೆ ನುಡ್ಸಿ ಅನ್ನೋರು. ಆಗ್ತಿರ್ಲಿಲ್ಲ."

ನಿಜವನ್ನೇ ಹೇಳಿದರೋ, ನನ್ನ ಮನಸ್ಸಿಗೆ ಹಗುರವಾಗಲೆಂದು ಹಾಗೆಂದರೋ ನನಗೆ ಇಂದಿಗೂ ತಿಳಿಯದು. ಎರಡೂ ಇದ್ದಿರಬಹುದು. ಅವರ ದಣಿವನ್ನು ನಾನು ಕಣ್ಣಾರೆ ಕಂಡಿದ್ದೆ. ಆದರೆ ಕಲ್ಕತ್ತಾ ಎಂಬ ಮಾತು ಕಿವಿಗೆ ಬಿದ್ದಾಗ ಅವರ ಮುಖ ಹೇಗಾಯಿತೆಂಬುದನ್ನೂ ಕಂಡಿದ್ದೆ.

ಆ ಚಳಿಗಾಲದಲ್ಲಿ ಅತ್ತೆ ತೀರಿಕೊಂಡರು. ನಾನು ಪಾಸಾಗಿ ಬ್ಯಾಟರಾಯನಪುರದ ಶಾಲೆಗೆ ಸೇರಿದೆ. ಇನ್ನಾದರೂ ಹೋಗಿ ಎಂದರೆ ಬಾವ ನಕ್ಕರು. ಕಲ್ಕತ್ತಾದವರು ಯಾವತ್ತೋ ಬೇರೆಯವರನ್ನು ತೆಗೆದುಕೊಂಡಿದ್ದರು. ಬಾವ ತಮ್ಮನ ಜೊತೆ ತೋಟಕ್ಕೆ ಹೋಗಿ ಚಪ್ಪರಕ್ಕೆ ಬಳ್ಳಿ ಕಟ್ಟುತ್ತಿದ್ದರು. ಉಬ್ಬಸ ಹಿಡಿಯಿತು. ಐದು ವರ್ಷ ಕಳೆದು, ಒಂದು ಬೆಳಿಗ್ಗೆ ಬಚ್ಚಲ ಕಟ್ಟೆಯ ಮೇಲೆ ಗಡ್ಡ ಹೆರೆಯುತ್ತ ಕೂತವರು ಹಾಗೆಯೇ ಪಕ್ಕಕ್ಕೆ ವಾಲಿದರು. ಐವತ್ತೂ ತುಂಬಿರಲಿಲ್ಲ.

ಮಣ್ಣು ಮಾಡಿ ಬಂದ ಮೂರನೆಯ ದಿನ, ಊರಿನ ಹುಟ್ಟು ಸಾವು ಬರೆದುಕೊಳ್ಳುವ ಶಾನುಭೋಗರು ದೊಡ್ಡ ಪುಸ್ತಕ ಹಿಡಿದು ಜಗಲಿಗೆ ಬಂದರು. ಹೆಸರು, ತಂದೆಯ ಹೆಸರು, ವಯಸ್ಸು ಬರೆದರು.

"ಕಸುಬು?"

ಜಗಲಿಯಲ್ಲಿದ್ದ ಗಂಡಸರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಗಂಡ ಗಂಟಲು ಸರಿಮಾಡಿಕೊಂಡು, "ಬೇಸಾಯ ಅಂತ ಹಾಕ್ಕಳಿ," ಎಂದರು.

ಆ ಮನೆಗೆ ಬಂದು ಅಷ್ಟು ವರ್ಷವಾಗಿದ್ದರೂ ಗಂಡಸರು ಕೂತಲ್ಲಿ ನಾನು ಬಾಯಿ ತೆರೆದವಳಲ್ಲ. ಹೊಸ್ತಿಲು ದಾಟಿ ಹೊರಗೆ ಬಂದೆ.

"ಬೇಸಾಯ ಅಲ್ಲ. ಪಿಯಾನೋ ವಾದಕರು ಅಂತ ಬರೀರಿ."

ಶಾನುಭೋಗರ ಲೇಖನಿ ಕಾಗದದ ಮೇಲೆ ನಿಂತಿತು. "ಅದನ್ ಹೆಂಗಮ್ಮ ಬರ್ಯೋದು?" ಎಂದರು.

ನನ್ನ ಗಂಡ ನನ್ನನ್ನು ನೋಡಿದರು. ಆಮೇಲೆ ಶಾನುಭೋಗರಿಗೆ, "ಅವಳ ಕೈಗ್ ಕೊಡಿ. ಮೇಡಮ್ಮು ಬರೀತಾಳೆ," ಎಂದರು.

ಪುಸ್ತಕ ಈಸಿಕೊಂಡು, ಮಕ್ಕಳಿಗೆ ಹಲಗೆಯ ಮೇಲೆ ಬರೆಯುವಂತೆ, ಒಂದು ದೀರ್ಘವೂ ತಪ್ಪದ ಹಾಗೆ, ದುಂಡಗೆ ನಾನೇ ಬರೆದೆ.